ಕೊಕ್ಕೊ ಬೀಜದ ಸತ್ವ ಚಾಕೊಲೇಟಿನಲ್ಲಿ ಎಷ್ಟು ಉಳಿಯುತ್ತದೆ?

ಪುತ್ತೂರು, ಸುಳ್ಯ, ಬಂಟ್ವಾಳದ ಅಡಿಕೆ ತೋಟಗಳಲ್ಲಿ ಕಂಗಿನ ಸಾಲುಗಳ ನಡುವೆ ಬೆಳೆಯುವ ಕೊಕ್ಕೊ ಮರ, ಹಲಸಿನಂತೆ ಕಾಂಡದ ಮೇಲೆಯೇ ಕಾಯಿ ಬಿಡುತ್ತದೆ. ಇದರ ಮೂಲ ನೆಲೆ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಮಳೆಕಾಡು. ಎತ್ತರದ ಮರಗಳ ಕೆಳಗೆ ನೆರಳು ಮತ್ತು ತೇವದಲ್ಲಿ ವಿಕಾಸಗೊಂಡ ಮರವಾದ್ದರಿಂದಲೇ ಬೇಸಿಗೆಯಲ್ಲೂ ನೀರುಣಿಸುವ ನಮ್ಮ ಅಡಿಕೆ ತೋಟಗಳಿಗೆ ಅದು ಸುಲಭವಾಗಿ ಒಗ್ಗಿಕೊಂಡಿತು. ಕಾಯಿಯೊಳಗೆ ಬಿಳಿಯ ಸಿಹಿ ತಿರುಳು ಸುತ್ತಿಕೊಂಡ ಮೂವತ್ತು ನಲವತ್ತು ಬೀಜಗಳಿರುತ್ತವೆ. ಚಾಕೊಲೇಟಿಗೆ ಬೇಕಾದದ್ದು ಈ ಬೀಜ. ಹಸಿಯಾಗಿ ಕಚ್ಚಿದರೆ ಅದು ಕಹಿ ಮತ್ತು ಒಗರು.

ಈಕ್ವೆಡಾರಿನ ಆಗ್ನೇಯ ಭಾಗದ ಸಾಂತಾ ಆನಾ-ಲಾ ಫ್ಲೋರಿದಾ ಎಂಬಲ್ಲಿ ಸಿಕ್ಕ ಪ್ರಾಚೀನ ಪಾತ್ರೆಗಳಲ್ಲಿ ಕೊಕ್ಕೊದ ಪಿಷ್ಟಕಣಗಳು, ಥಿಯೋಬ್ರೋಮಿನ್ ಎಂಬ ಅದರ ಕಹಿ ವಸ್ತು ಮತ್ತು ಡಿಎನ್ಎ ಗುರುತಿಸಲ್ಪಟ್ಟಿದ್ದು, ಅಲ್ಲಿನ ಜನ ಸುಮಾರು 5,300 ವರ್ಷಗಳ ಹಿಂದೆಯೇ ಇದನ್ನು ಬಳಸುತ್ತಿದ್ದರು ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅನಂತರ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮಾಯಾ ಹಾಗೂ ಅಜ್ಟೆಕ್ ಜನ ಹುರಿದ ಬೀಜವನ್ನು ಅರೆದು, ನೀರು, ಮೆಣಸಿನಕಾಯಿ, ಮೆಕ್ಕೆಜೋಳದ ಹಿಟ್ಟು ಬೆರೆಸಿ, ನೊರೆ ಬರಿಸಿ ಕುಡಿಯುತ್ತಿದ್ದರು. ಅಜ್ಟೆಕರ ಮಾರುಕಟ್ಟೆಯಲ್ಲಿ ಬೀಜವೇ ನಾಣ್ಯವಾಗಿತ್ತು. ಸಕ್ಕರೆ ಸೇರಿದ್ದು ಸ್ಪೇನಿನವರ ಕೈಗೆ ಬಂದ ಮೇಲೆ. 1828ರಲ್ಲಿ ನೆದರ್ಲ್ಯಾಂಡಿನ ವಾನ್ ಹೌಟನ್ ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. 1847ರಲ್ಲಿ ಇಂಗ್ಲೆಂಡಿನ ಫ್ರೈ ಸಂಸ್ಥೆ ಆ ಕೊಬ್ಬನ್ನು ಪುಡಿ ಮತ್ತು ಸಕ್ಕರೆಯೊಡನೆ ಮತ್ತೆ ಬೆರೆಸಿ ಅಚ್ಚು ಹೊಯ್ದಿತು. 1875ರ ಹೊತ್ತಿಗೆ ಸ್ವಿಟ್ಜರ್ಲ್ಯಾಂಡಿನ ಡೇನಿಯಲ್ ಪೀಟರ್ ಹಾಲು ಸೇರಿಸಿದರು. ಸಾವಿರಾರು ವರ್ಷ ಕಹಿ ಪಾನೀಯವಾಗಿದ್ದ ಕೊಕ್ಕೊ ಹೀಗೆ ಸಿಹಿ ತಿನಿಸಾಗಿ ಇನ್ನೂ ಇನ್ನೂರು ವರ್ಷವೂ ಆಗಿಲ್ಲ. ಚಾಕೊಲೇಟಿನ ಪೋಷಕಾಂಶಗಳನ್ನು ಅಳೆಯುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ನಮ್ಮ ಜಿಲ್ಲೆಯಲ್ಲಿ ಈ ಬೆಳೆಗೆ ನೆಲೆ ಒದಗಿಸಿದ ಸಂಸ್ಥೆಗಳನ್ನು ಇಲ್ಲಿ ನೆನೆಯಲೇಬೇಕು. ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಅಡಿಕೆಯ ನಡುವೆ ಕೊಕ್ಕೊ ಬೆಳೆಯುವ ಕ್ರಮವನ್ನು ಅಭ್ಯಸಿಸಿತು. ಮಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ, ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಬೆಳೆಗಾರರ ಸಹಕಾರ ಸಂಘವೊಂದು ಹಸಿ ಬೀಜದ ಖರೀದಿಯಿಂದ ಸಿದ್ಧ ಚಾಕೊಲೇಟಿನವರೆಗೆ ಎಲ್ಲವನ್ನೂ ತಾನೇ ನಡೆಸುವುದು ಸಣ್ಣ ಸಾಧನೆಯಲ್ಲ.

ಬೀಜದ ಸ್ವರೂಪ ಬದಲಾಗತೊಡಗುವುದು ಹುದುಗುವಿಕೆಯಲ್ಲಿ. ತಿರುಳಿನ ಸಮೇತ ಬೀಜಗಳನ್ನು ರಾಶಿ ಹಾಕಿ ಅಥವಾ ಪೆಟ್ಟಿಗೆಯಲ್ಲಿ ತುಂಬಿ ಐದಾರು ದಿನ ಮುಚ್ಚಿಟ್ಟಾಗ, ಯೀಸ್ಟ್‌ಗಳು ತಿರುಳಿನ ಸಕ್ಕರೆಯನ್ನು ಮದ್ಯಸಾರವಾಗಿಯೂ ಬ್ಯಾಕ್ಟೀರಿಯಾಗಳು ಅದನ್ನು ಅಸಿಟಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತವೆ, ರಾಶಿಯ ಉಷ್ಣತೆ 45ರಿಂದ 50 ಡಿಗ್ರಿಗೆ ಏರುತ್ತದೆ, ಬೀಜದ ಜೀವ ಹೋಗುತ್ತದೆ. ಒಳಗಿನ ಪ್ರೋಟೀನುಗಳು ಒಡೆದು ಅಮೈನೋ ಆಮ್ಲಗಳಾಗುತ್ತವೆ. ಮುಂದೆ ಹುರಿಯುವಾಗ ಚಾಕೊಲೇಟಿನ ಪರಿಮಳವನ್ನು ಕೊಡುವವು ಇವೇ. ಆದರೆ ಒಗರಿಗೆ ಕಾರಣವಾದ ಫ್ಲೇವನಾಲ್‌ಗಳೆಂಬ ಸಸ್ಯಜನ್ಯ ವಸ್ತುಗಳು ಈ ಹಂತದಲ್ಲಿ ಗಣನೀಯವಾಗಿ ಕಡಿಮೆಯಾಗುತ್ತವೆ, ಹುರಿಯುವಾಗ ಇನ್ನಷ್ಟು ನಷ್ಟವಾಗುತ್ತವೆ. ಪುಡಿಯ ಹುಳಿ ತೆಗೆಯಲು ಕ್ಷಾರ ಬೆರೆಸಿದರಂತೂ ಬಹುಪಾಲು ಹೋಗಿಬಿಡಬಹುದು. ಹೀಗೆ ಸಂಸ್ಕರಿಸಿದ ಪುಡಿ ಹೆಚ್ಚು ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಬಣ್ಣ ನೋಡಿ ಗುಣ ಹೇಳುವುದು ಸಾಧ್ಯವಿಲ್ಲ.

ಈ ಫ್ಲೇವನಾಲ್‌ಗಳ ಹೆಸರಿನಲ್ಲೇ ಚಾಕೊಲೇಟ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಹಬ್ಬಿದೆ. ಅವು ರಕ್ತನಾಳಗಳ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯನ್ನು ಹೆಚ್ಚಿಸಿ ನಾಳಗಳನ್ನು ಸಡಿಲಗೊಳಿಸುತ್ತವೆ ಎಂಬುದಕ್ಕೆ ಆಧಾರವಿದೆ. ಆದರೆ ಅಮೆರಿಕದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಕಾಸ್ಮಾಸ್ ಪ್ರಯೋಗದಲ್ಲಿ, ದಿನಕ್ಕೆ 500 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಒಟ್ಟು ಪ್ರಮಾಣ ಕಡಿಮೆಯಾಯಿತೆಂದು ಖಚಿತವಾಗಿ ಹೇಳುವಂತಿರಲಿಲ್ಲ. ಆ ಕಾರಣದ ಸಾವುಗಳು ಮಾತ್ರ ಶೇ. 27ರಷ್ಟು ಕಡಿಮೆ ಇದ್ದವು. ಅವರಿಗೆ ಕೊಟ್ಟದ್ದೂ ಚಾಕೊಲೇಟಲ್ಲ, ಸಾರ ತುಂಬಿದ ಗುಳಿಗೆ. ಅದರ ಫಲಿತಾಂಶವನ್ನು ಅಂಗಡಿಯ ಚಾಕೊಲೇಟಿಗೆ ಅಂಟಿಸುವುದು ನನ್ನ ದೃಷ್ಟಿಯಲ್ಲಿ ಗ್ರಾಹಕರಿಗೆ ಮಾಡುವ ಅನ್ಯಾಯ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ, ಕೊಕ್ಕೊ ಪಾಲು ಶೇ. 70ರಿಂದ 85 ಇರುವ ಕಪ್ಪು ಚಾಕೊಲೇಟಿನ 100 ಗ್ರಾಂನಲ್ಲಿ ಸುಮಾರು 600 ಕ್ಯಾಲೊರಿ, 43 ಗ್ರಾಂ ಕೊಬ್ಬು, 24 ಗ್ರಾಂ ಸಕ್ಕರೆ, 11 ಗ್ರಾಂ ನಾರು, 228 ಮಿಲಿಗ್ರಾಂ ಮೆಗ್ನೀಸಿಯಂ, 12 ಮಿಲಿಗ್ರಾಂ ಕಬ್ಬಿಣವಿದೆ. ಹಾಲಿನ ಚಾಕೊಲೇಟಿನಲ್ಲಿ ಸಕ್ಕರೆ 50 ಗ್ರಾಂ ದಾಟುತ್ತದೆ, ಮೆಗ್ನೀಸಿಯಂ ಕಾಲುಭಾಗದಷ್ಟಕ್ಕೆ ಇಳಿಯುತ್ತದೆ. ಮಗುವೊಂದು 50 ಗ್ರಾಂ ಹಾಲಿನ ಚಾಕೊಲೇಟ್ ತಿಂದರೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಆದರ್ಶವೆಂದು ಸೂಚಿಸಿದ ಸುಮಾರು 25 ಗ್ರಾಂ ಸಕ್ಕರೆ ಅಷ್ಟರಲ್ಲೇ ಮುಗಿಯುತ್ತದೆ. ಕಬ್ಬಿಣದ ಅಂಶವನ್ನು ನಂಬಿ ರಕ್ತಹೀನತೆಗೆ ಚಾಕೊಲೇಟ್ ಕೊಡುವವರೂ ಇದ್ದಾರೆ. ಆದರೆ ಫ್ಲೇವನಾಲ್‌ಗಳೂ ಸೇರಿದ ಕೊಕ್ಕೊದ ಪಾಲಿಫಿನಾಲ್‌ಗಳೇ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ತಡೆಯುವುದರಿಂದ ಅದರ ಪ್ರಯೋಜನ ಅತ್ಯಲ್ಪ. ಕೊಕ್ಕೊ ಬೆಣ್ಣೆಯ, ಅಂದರೆ ಬೀಜದ ಕೊಬ್ಬಿನ, ಮೂರನೇ ಒಂದು ಭಾಗದಷ್ಟಿರುವ ಸ್ಟಿಯರಿಕ್ ಆಮ್ಲ ಕೆಟ್ಟ ಕೊಲೆಸ್ಟೆರಾಲನ್ನು ಏರಿಸುವುದಿಲ್ಲ ಎಂಬುದು ನಿಜ, ಹಾಗೆಂದು ಕ್ಯಾಲೊರಿ ಕಡಿಮೆಯಾಗುವುದಿಲ್ಲ.

ಕೊಳ್ಳುವಾಗ ಹೊದಿಕೆಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಬೇಕು, ಏಕೆಂದರೆ ತೂಕ ಹೆಚ್ಚಿರುವುದನ್ನು ಮೊದಲು ಬರೆಯುವುದು ನಿಯಮ. ಸಕ್ಕರೆ ಮೊದಲಿದ್ದು, ಕೊಕ್ಕೊ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬಿದ್ದರೆ ಅದು ಹೆಸರಿಗಷ್ಟೇ ಚಾಕೊಲೇಟ್.

ಕರಾವಳಿಯಲ್ಲಿ ಇದನ್ನು ಕಾಪಾಡುವುದೂ ಕಷ್ಟ. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ, ಮಂಗಳೂರಿನ ಏಪ್ರಿಲ್ ಮಧ್ಯಾಹ್ನವೂ ಅದರ ಆಸುಪಾಸಿನದೇ. ಮೆದುವಾಗಿ ಮತ್ತೆ ಗಟ್ಟಿಯಾದಾಗ ಕೊಬ್ಬು ಬೇರೆ ಸ್ಫಟಿಕ ರೂಪಕ್ಕೆ ತಿರುಗಿ ಮೇಲೆ ಬಿಳಿ ಪದರ ಮೂಡುತ್ತದೆ; ಇದು ಬೂಷ್ಟಲ್ಲ, ತಿಂದರೆ ಅಪಾಯವಿಲ್ಲ, ನುಣುಪು ಮಾತ್ರ ಹೋಗಿರುತ್ತದೆ. ಫ್ರಿಜ್ಜಿನಲ್ಲಿ ಇಡುವುದಾದರೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರಗೆ ತೆಗೆದ ಮೇಲೆ ತಣ್ಪು ಹೋಗುವವರೆಗೆ ಮುಚ್ಚಳ ತೆರೆಯದಿರುವುದು ಒಳ್ಳೆಯದು, ಇಲ್ಲವಾದರೆ ನಮ್ಮ ತೇವದ ಗಾಳಿ ಅದರ ಮೇಲೆ ಹನಿಗಟ್ಟಿ ಸಕ್ಕರೆಯನ್ನು ಕರಗಿಸುತ್ತದೆ.