ಚಳಿ ತಾಳುವ ಜೆರೇನಿಯಂ: ಹೆಸರು, ಜಾಗ ಮತ್ತು ಕತ್ತರಿ

ಈ ಗಿಡದ ವಿಷಯದಲ್ಲಿ ಕಲಿಯುವವರು ಮೊದಲು ಎಡವುವುದು ಹೆಸರಿನಲ್ಲೇ. ಬೆಂಗಳೂರಿನ ನರ್ಸರಿಯಲ್ಲಿ ಜೆರೇನಿಯಂ ಕೇಳಿದರೆ ಕೈಗೆ ಬರುವ, ಕೆಂಪು ಗೊಂಚಲಿನ ಕುಂಡದ ಗಿಡ ನಿಜವಾಗಿ ಪೆಲಾರ್ಗೋನಿಯಂ. ಅದರ ತವರು ಹೆಚ್ಚಾಗಿ ದಕ್ಷಿಣ ಆಫ್ರಿಕಾ. ನೆಲ ಹೆಪ್ಪುಗಟ್ಟುವ ಚಳಿಯಲ್ಲಿ ಅದು ಸಾಯುತ್ತದೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನೂ ಚಳಿ ತಾಳುವ ನಿಜವಾದ ಜೆರೇನಿಯಂ ಅನ್ನೂ ಒಟ್ಟಿಗೆ ಜೆರೇನಿಯಂ ಕುಲದಲ್ಲೇ ಇರಿಸಿದ್ದ. 1789ರಲ್ಲಿ ಅವು ಬೇರೆಯಾದವು, ಆದರೆ ಮಾರಾಟಗಾರರ ಬಾಯಲ್ಲಿ ಹಳೆಯ ಹೆಸರೇ ಉಳಿದುಬಿಟ್ಟಿತು.

ಅನುಮಾನ ಬಂದರೆ ಹೂವನ್ನೇ ನೋಡಿ. ನಿಜವಾದ ಜೆರೇನಿಯಂನ ಐದು ಎಸಳುಗಳೂ ಸಾಮಾನ್ಯವಾಗಿ ಒಂದೇ ರೂಪದವು. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳು ಕೆಳಗಿನ ಮೂರಕ್ಕಿಂತ ಭಿನ್ನ. ಎರಡರ ಕಾಯಿಯೂ ಹಕ್ಕಿಯ ಕೊಕ್ಕಿನಂತೆ ಚೂಪು. ಜೆರೇನಿಯಂ ಎಂಬ ಹೆಸರು ಬಂದದ್ದೂ ಅದರಿಂದಲೇ: ಗ್ರೀಕ್ ಭಾಷೆಯಲ್ಲಿ ಗೆರಾನೋಸ್ ಎಂದರೆ ಕ್ರೌಂಚ ಪಕ್ಷಿ. ನಮ್ಮ ನೆರೆಯ ನೀಲಗಿರಿಯಲ್ಲೂ ಜೆರೇನಿಯಂ ನೆಪಾಲೆನ್ಸ್ ಎಂಬ ಪುಟ್ಟ ಕಾಡುಗಿಡವಿದೆ. ಅದರ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಈ ಗೊಂದಲ ಮತ್ತೆ ಬರುವುದಿಲ್ಲ.

ಇನ್ನು ಮುಂದಿನದೆಲ್ಲ ಇಂಗ್ಲೆಂಡಿನಂತಹ ತಂಪು ಹವೆಯ ತೋಟಕ್ಕೆ ಸಂಬಂಧಿಸಿದ್ದು. ಈ ಗಿಡ ಯಾವ ಮಣ್ಣಿಗೂ ಹೊಂದಿಕೊಳ್ಳುತ್ತದೆ, ಬುಡದಲ್ಲಿ ನೀರು ನಿಲ್ಲಬಾರದು ಅಷ್ಟೆ. ಆದರೆ ನೆರಳು ಬಿಸಿಲಿನ ಆಯ್ಕೆಯಲ್ಲಿ ತಪ್ಪಬೇಡಿ. ಮರದ ಕೆಳಗಿನ ಒಣ ನೆರಳಿಗೆ ಜೆರೇನಿಯಂನ ಮ್ಯಾಕ್ರೊರೈಜಂ ಎಂಬ ಜಾತಿ. ಅದರ ಎಲೆ ಉಜ್ಜಿದರೆ ಘಾಟು ವಾಸನೆ, ದಟ್ಟವಾಗಿ ಹಬ್ಬಿ ಕಳೆಗೆ ಎಡೆ ಕೊಡುವುದಿಲ್ಲ. ನೆರಳಿನಲ್ಲಿ ಕಡುಗೆಂಪು ಹೂ ಬೇಕಾದರೆ ಫೇಯಂ ಜಾತಿ. ಬಿಸಿಲಿನ ಅಂಚಿಗೆ ಸ್ಯಾಂಗ್ವಿನಿಯಂ ಜಾತಿ.

ನನಗೆ ಅತ್ಯಂತ ಪ್ರಿಯವಾದ ಪಾಠ ಕತ್ತರಿಯದು. ಪ್ರಟೆನ್ಸ್ ಜಾತಿ, 'ಜಾನ್ಸನ್ಸ್ ಬ್ಲೂ' ತಳಿ ಮುಂತಾದವು ಬೇಸಿಗೆಯ ಮೊದಲ ಹೂವು ಮುಗಿಯುತ್ತಲೇ ಕಾಂಡ ಚೆಲ್ಲಿ ಮಲಗಿಬಿಡುತ್ತವೆ. ಪ್ರಟೆನ್ಸ್‌ನ ಎಲೆಗೆ ಬೂದಿರೋಗವೂ ಬರುತ್ತದೆ. ಆಗ ಮರುಕ ಬೇಡ, ಎಲೆ ಸಮೇತ ನೆಲಮಟ್ಟಕ್ಕೆ ಕತ್ತರಿಸಿ, ಚೆನ್ನಾಗಿ ನೀರು ಹಾಕಿ. ಗಿಡದ ಕಸುವೆಲ್ಲ ಬುಡದಲ್ಲಿ ಇರುವುದರಿಂದ ಕೆಲವೇ ವಾರಗಳಲ್ಲಿ ಹೊಸ ಎಲೆಯ ಗುಪ್ಪೆ ಏಳುತ್ತದೆ, ಎಷ್ಟೋ ಸಲ ಎರಡನೆಯ ಹೂವೂ ಬರುತ್ತದೆ. ಮೊದಲ ಸಲ ಹಾಗೆ ಕತ್ತರಿಸಿದಾಗ ನನ್ನ ಕೈ ನಡುಗಿತ್ತು. ಚಿಗುರು ಕಂಡ ದಿನದ ಸಂತೋಷ ಇನ್ನೂ ನೆನಪಿದೆ. ಮ್ಯಾಕ್ರೊರೈಜಂಗೆ ಮಾತ್ರ ಈ ಉಪಚಾರ ಬೇಡ, ಒಣಗಿದ ಹೂದಂಟು ತೆಗೆದರೆ ಸಾಕು.

'ರೊಝ್ಯಾನ್' ತಳಿಯ ಕಥೆ ಬೇರೆ. ಇಂಗ್ಲೆಂಡಿನ ಸಾಮರ್‌ಸೆಟ್‌ನ ಒಂದು ಮನೆಯ ತೋಟದಲ್ಲಿ ತಾನಾಗಿ ಹುಟ್ಟಿದ ಈ ಮಿಶ್ರತಳಿಯ ಹೆತ್ತವರಿಬ್ಬರೂ ಹಿಮಾಲಯದ ಕಡೆಯವರು: ಹಿಮಾಲಯೆನ್ಸ್ ಮತ್ತು ವಾಲಿಚಿಯಾನಂ. ಎರಡನೆಯದು ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಂಡಿದ್ದ ವಾಲಿಚ್‌ನ ಹೆಸರು ಹೊತ್ತಿದೆ. 'ರೊಝ್ಯಾನ್' ಬೀಜ ಕಟ್ಟುವುದಿಲ್ಲ, ಹಾಗಾಗಿ ಜೂನ್‌ನಿಂದ ಶರತ್ಕಾಲದ ಚಳಿಯವರೆಗೂ ನೀಲಿ ಹೂವು ಬಿಡುತ್ತಲೇ ಇರುತ್ತದೆ. 2013ರಲ್ಲಿ ಲಂಡನ್ನಿನ ಚೆಲ್ಸಿ ಪುಷ್ಪಪ್ರದರ್ಶನದ ಶತಮಾನೋತ್ಸವದ ಗಿಡವಾಗಿ ಆರಿಸಿದ್ದು ಇದನ್ನೇ.

ಮೂರ್ನಾಲ್ಕು ವರ್ಷಕ್ಕೆ ಗುಂಪಿನ ನಡುಭಾಗ ಬೋಳಾದರೆ ವಸಂತದ ಆರಂಭದಲ್ಲಿ ಅಗೆದು, ಬೇರೂ ಮೊಗ್ಗೂ ಇರುವ ತುಂಡುಗಳಾಗಿ ಒಡೆದು, ಮುದಿ ನಡುವನ್ನು ಬಿಟ್ಟು ಅಂಚಿನವನ್ನು ನೆಡಿ. ಗೊಬ್ಬರ ಹೆಚ್ಚಾದರೆ ಎಲೆಯೇ ಬೆಳೆಯುತ್ತದೆ. ವರ್ಷಕ್ಕೊಮ್ಮೆ ಬುಡಕ್ಕೆ ಕಾಂಪೋಸ್ಟ್ ಹೊದಿಸಿದರೆ ಧಾರಾಳ.

ಚಳಿಗಾಲದಲ್ಲಿ ಹೆಚ್ಚಿನ ಜಾತಿಗಳು ನೆಲದ ಮೇಲೆ ಸುಳಿವೂ ಬಿಡದೆ ಮರೆಯಾಗುತ್ತವೆ. ಖಾಲಿ ಜಾಗವೆಂದುಕೊಂಡು ಒಂದು ಫೆಬ್ರುವರಿಯಲ್ಲಿ ನಾನು 'ಜಾನ್ಸನ್ಸ್ ಬ್ಲೂ'ದ ಬುಡಕ್ಕೇ ಗುದ್ದಲಿ ಹಾಕಿದೆ. ಅಂದಿನಿಂದ ಅಕ್ಟೋಬರ್ ಕಳೆಯುವ ಮೊದಲೇ ಪ್ರತಿ ಗಿಡದ ಪಕ್ಕದಲ್ಲಿ ಒಂದು ಕಡ್ಡಿ ನೆಡುತ್ತೇನೆ.