ಇಸವಿ ಇಲ್ಲದ ಠಸ್ಸೆ

1850ರ ದಶಕದ ಅಮೆರಿಕದ ಹಳೆಯ ಲಕೋಟೆಯೊಂದನ್ನು ನೋಡಿ. ಮೇಲೆ ದುಂಡನೆಯ ಅಂಚೆ ಠಸ್ಸೆ ಇರುತ್ತದೆ. ಅದರಲ್ಲಿ ಊರಿನ ಹೆಸರಿದೆ, ತಿಂಗಳಿದೆ, ತಾರೀಕಿದೆ. ಇಸವಿ ಮಾತ್ರ ಇರುವುದಿಲ್ಲ. ಆ ಕಾಲದ ಹೆಚ್ಚಿನ ಠಸ್ಸೆಗಳು ಹೀಗೇ. ಆಗಿನ ಅಂಚೆ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ಅಮೆರಿಕದ ಪಶ್ಚಿಮ ಗಡಿಸೀಮೆಯ, ಅಂದರೆ ವಲಸಿಗರು ಹೊಸದಾಗಿ ನೆಲೆಯೂರುತ್ತಿದ್ದ ಪ್ರದೇಶದ, ಅಂಚೆ ಲಕೋಟೆಗಳನ್ನು ಕೂಡಿಡುವವರ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಸಂಗ್ರಾಹಕರು ಇವನ್ನು ಕವರ್ ಅನ್ನುತ್ತಾರೆ. ಕವರಿನ ಮೇಲಿರುವ ಸಣ್ಣಪುಟ್ಟ ಗುರುತುಗಳನ್ನೆಲ್ಲ ಜೋಡಿಸಿ, ಇಲ್ಲದ ಇಸವಿಯನ್ನು ಕಂಡುಹಿಡಿಯಬೇಕು. ಎಲ್ಲರೂ ಇದನ್ನು ಹವ್ಯಾಸ ಅಂತಾರೆ. ನನ್ನ ಮಟ್ಟಿಗೆ ಇದು ಅಪ್ಪಟ ವಿಜ್ಞಾನ. ಒಂದು ಊಹೆ ಇರುತ್ತದೆ, ಅದು ಸುಳ್ಳಾಗಿದ್ದರೆ ಹಿಡಿದುಕೊಡುವ ಪರೀಕ್ಷೆಗಳೂ ಇರುತ್ತವೆ.

ಮೊದಲು ನೋಡಬೇಕಾದದ್ದು ದುಡ್ಡಿನ ಲೆಕ್ಕ. ಅಮೆರಿಕಕ್ಕೆಲ್ಲ ಸಲ್ಲುವ ಅಂಚೆಚೀಟಿ ಬಂದದ್ದು 1847ರ ಜುಲೈ 1ರಂದು. 5 ಸೆಂಟಿನದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, 10 ಸೆಂಟಿನದರಲ್ಲಿ ಜಾರ್ಜ್ ವಾಷಿಂಗ್ಟನ್. ಅದಕ್ಕೂ ಮುಂಚೆ ಪೋಸ್ಟ್‌ಮಾಸ್ಟರ್ ಪತ್ರದ ಮೂಲೆಯಲ್ಲಿ ದರವನ್ನು ಪೆನ್ನಿನಲ್ಲಿ ಬರೆಯುತ್ತಿದ್ದರು, ಇಲ್ಲವೇ ಅಂಕಿಯ ಠಸ್ಸೆ ಒತ್ತುತ್ತಿದ್ದರು. ದುಡ್ಡು ಕೊಡುವವರು ಹೆಚ್ಚಾಗಿ ಪತ್ರ ತೆಗೆದುಕೊಳ್ಳುವವರೇ. 1816ರಿಂದ 1845ರವರೆಗೆ ದರ ನಿಂತಿದ್ದು ಎರಡರ ಮೇಲೆ: ಎಷ್ಟು ದೂರ, ಎಷ್ಟು ಹಾಳೆ. 30 ಮೈಲಿಯೊಳಗೆ ಒಂದು ಹಾಳೆಗೆ 6 ಸೆಂಟು. 400 ಮೈಲಿ ದಾಟಿದರೆ 25 ಸೆಂಟು. ಎರಡು ಹಾಳೆಯಾದರೆ ದರವೂ ಎರಡರಷ್ಟು. ಲಕೋಟೆಯನ್ನೂ ಒಂದು ಹಾಳೆ ಅಂತಲೇ ಎಣಿಸುತ್ತಿದ್ದರು!

ಹೀಗಿದ್ದಾಗ ಲಕೋಟೆ ಯಾರಿಗೆ ಬೇಕು? ನಮ್ಮ ಇನ್‌ಲ್ಯಾಂಡ್ ಲೆಟರಿನ ಹಾಗೆ ಬರೆದ ಹಾಳೆಯನ್ನೇ ಮಡಿಸಿ, ಅರಗು ಹಾಕಿ, ಹೊರಗೆ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೇ ಮತ್ತೆ ಬರೆದವರೂ ಇದ್ದಾರೆ. 1845ರ ಜುಲೈನಿಂದ ಹಾಳೆಯ ಲೆಕ್ಕ ಹೋಗಿ ತೂಕದ ಲೆಕ್ಕ ಬಂತು. ಅರ್ಧ ಔನ್ಸಿಗೆ, ಅಂದರೆ ಸುಮಾರು 14 ಗ್ರಾಮಿಗೆ, 300 ಮೈಲಿಯೊಳಗೆ 5 ಸೆಂಟು, ಅದಕ್ಕಿಂತ ದೂರಕ್ಕೆ 10 ಸೆಂಟು. ಲಕೋಟೆಯ ಬಳಕೆ ಹೆಚ್ಚಿದ್ದು ಇದಾದ ಮೇಲೆ. ಮಡಿಸಿದ ಹಾಳೆಯ ಮೇಲೆ 25 ಅಂತ ಬರೆದಿದ್ದರೆ ಅದು ಬಹುಮಟ್ಟಿಗೆ 1845ಕ್ಕೂ ಹಿಂದಿನದು. 10 ಅಂತ ಇದ್ದರೆ ಅವಸರ ಮಾಡಬಾರದು. ಹಳೆಯ ಪಟ್ಟಿಯಲ್ಲೂ 30ರಿಂದ 80 ಮೈಲಿಗೆ 10 ಸೆಂಟೇ ಇತ್ತು. ಆಗ ಭೂಪಟ ತೆಗೆದು ಎರಡು ಊರುಗಳ ನಡುವಿನ ದಾರಿಯನ್ನು ಅಳೆಯಬೇಕು.

ಈ ವಿಧಾನ ತನ್ನ ನಿಜವಾದ ಬಲ ತೋರಿಸುವುದು ಕ್ಯಾಲಿಫೋರ್ನಿಯಾದಲ್ಲಿ. 1848ರ ಜನವರಿ 24ರಂದು ಅಲ್ಲಿನ ಸಟ್ಟರ್ಸ್ ಮಿಲ್ ಬಳಿ ಚಿನ್ನ ಸಿಕ್ಕಿತು. ಮುಂದಿನ ವರ್ಷ ಜನ ಸಾವಿರಗಟ್ಟಲೆ ನುಗ್ಗಿದರು. ಮನೆ ಪೂರ್ವದಲ್ಲಿ, ಗಣಿ ಪಶ್ಚಿಮದಲ್ಲಿ, ನಡುವೆ ರೈಲಿಲ್ಲ. ಪೆಸಿಫಿಕ್ ಕರಾವಳಿಯ ಪತ್ರಕ್ಕೆ 40 ಸೆಂಟು ದರ. 1851ರ ಜುಲೈಯಲ್ಲಿ ಅದು ಒಮ್ಮೆಲೇ ಇಳಿದು, ಮುಂಗಡ ಕಟ್ಟಿದರೆ 6 ಸೆಂಟಾಯಿತು. 1855ರ ಏಪ್ರಿಲ್‌ನಲ್ಲಿ 10ಕ್ಕೇರಿತು. ಮುಂಗಡ ಕಟ್ಟುವುದೂ ಆಗಲೇ ಕಡ್ಡಾಯವಾಯಿತು. 1856ರಿಂದ ಅಂಚೆಚೀಟಿ ಹಚ್ಚುವುದೂ ಕಡ್ಡಾಯ. ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಠಸ್ಸೆಯ ಪಕ್ಕದಲ್ಲಿ 40 ಅಂತ ಕಂಡರೆ, ಆ ಪತ್ರ ಹೊರಟದ್ದು ಚಿನ್ನದ ಹುಚ್ಚಿನ ಮೊದಲ ಎರಡು ಮೂರು ವರ್ಷಗಳಲ್ಲಿ ಅಂತ ಹೇಳಬಹುದು.

ಸ್ಯಾನ್ ಫ್ರಾನ್ಸಿಸ್ಕೋದ ಠಸ್ಸೆಯಲ್ಲಿ ಇನ್ನೊಂದು ಗುಟ್ಟಿದೆ. ಆಗ ಅಲ್ಲಿಂದ ಪತ್ರಗಳು ಹಡಗಿನಲ್ಲಿ ಪನಾಮಾಕ್ಕೆ ಹೋಗುತ್ತಿದ್ದವು. ಪನಾಮಾದ ಕಿರಿದಾದ ನೆಲವನ್ನು ಮೊದಲು ಹೇಸರಗತ್ತೆ, ದೋಣಿಗಳಲ್ಲಿ ದಾಟುತ್ತಿದ್ದವು, 1855ರ ನಂತರ ರೈಲಿನಲ್ಲಿ. ಆಚೆ ದಡದಿಂದ ಇನ್ನೊಂದು ಹಡಗಿನಲ್ಲಿ ನ್ಯೂಯಾರ್ಕಿಗೆ. ತಿಂಗಳಿಗೆ ಎರಡು ಸಲ ಹಡಗು. ಆದ್ದರಿಂದ ಪೂರ್ವಕ್ಕೆ ಹೋಗುವ ಪತ್ರಗಳ ಮೇಲೆ ಒತ್ತುತ್ತಿದ್ದ ತಾರೀಕು ಸಾಮಾನ್ಯವಾಗಿ ಹಡಗು ಹೊರಡುವ ದಿನದ್ದು, ಪತ್ರ ಪೆಟ್ಟಿಗೆಗೆ ಬಿದ್ದ ದಿನದ್ದಲ್ಲ. ಹಡಗುಗಳ ಓಡಾಟ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಎರಡನ್ನೂ ಹೊಂದಿಸಿದರೆ ಇಸವಿಯ ಜೊತೆಗೆ ಪತ್ರ ಹೋದ ಹಡಗಿನ ಹೆಸರೂ ಸಿಗುತ್ತದೆ. 1857ರ ಆಗಸ್ಟ್ 20ರಂದು ಸೊನೋರಾ ಎಂಬ ಹಡಗು ಪನಾಮಾಕ್ಕೆ ಹೊರಟಿತು. ಅದರಲ್ಲಿದ್ದ ಜನ, ಚಿನ್ನ, ಅಂಚೆ ಆಚೆ ದಡದಲ್ಲಿ ಸೆಂಟ್ರಲ್ ಅಮೆರಿಕ ಎಂಬ ಹಡಗನ್ನು ಹತ್ತಿದವು. ಸೆಪ್ಟೆಂಬರ್ 12ರಂದು ಅದು ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. 400ಕ್ಕೂ ಹೆಚ್ಚು ಜನ ಸತ್ತರು. ಯಾರಾದರೂ ಆ ದಿನದ, ಆ ಹಡಗಿನ ಕವರು ಅಂತ ಒಂದನ್ನು ತಂದು ತೋರಿಸಿದರೆ, ಇದು ಉಳಿದದ್ದು ಹೇಗೆ ಅನ್ನುವುದೇ ಮೊದಲ ಪ್ರಶ್ನೆ.

ಒಳನಾಡಿನಲ್ಲಿ ಹಡಗಿಲ್ಲ. ಅಲ್ಲಿ ನೆರವಿಗೆ ಬರುವುದು ಊರಿನ ಹೆಸರಿನ ಪಕ್ಕದ ಎರಡು ಅಕ್ಷರ. ಪಶ್ಚಿಮದ ಎಷ್ಟೋ ಭಾಗಗಳು ರಾಜ್ಯವಾಗುವ ಮುಂಚೆ ಟೆರಿಟರಿಗಳಾಗಿದ್ದವು, ಅಂದರೆ ಕೇಂದ್ರ ಸರ್ಕಾರದ ಆಡಳಿತದ ಪ್ರದೇಶಗಳು. ಠಸ್ಸೆಯಲ್ಲಿ ಕೆ.ಟಿ. ಅಂದರೆ ಕ್ಯಾನ್ಸಸ್ ಟೆರಿಟರಿ, ಡಿ.ಟಿ. ಅಂದರೆ ಡಕೋಟಾ ಟೆರಿಟರಿ. ಇವುಗಳ ಗಡಿ ಮತ್ತೆ ಮತ್ತೆ ಬದಲಾಗುತ್ತಿತ್ತು. ಡೆನ್ವರ್ ಹುಟ್ಟಿದಾಗ ಅದಿದ್ದದ್ದು ಕ್ಯಾನ್ಸಸ್ ಟೆರಿಟರಿಯಲ್ಲಿ. 1861ರ ಜನವರಿ 29ರಂದು ಕ್ಯಾನ್ಸಸ್ ರಾಜ್ಯವಾದಾಗ ಡೆನ್ವರ್ ಅದರ ಹೊರಗುಳಿಯಿತು. ಕೊಲೊರಾಡೊ ಟೆರಿಟರಿ ಆದದ್ದು ಫೆಬ್ರವರಿ 28ಕ್ಕೆ. ನಡುವಿನ ಒಂದು ತಿಂಗಳು ಊರು ಯಾವುದಕ್ಕೂ ಸೇರಿರಲಿಲ್ಲ! ಬ್ಯಾನಕ್ ಎಂಬ ಊರಿನ ಕತೆ ಇನ್ನೂ ವಿಚಿತ್ರ. 1862ರಲ್ಲಿ ಅಲ್ಲಿ ಚಿನ್ನ ಸಿಕ್ಕಾಗ ಅದು ಡಕೋಟಾ ಟೆರಿಟರಿ. 1863ರ ಮಾರ್ಚ್‌ನಲ್ಲಿ ಐಡಹೊ. 1864ರ ಮೇ ತಿಂಗಳಲ್ಲಿ ಮೊಂಟಾನಾ. ಊರು ಇದ್ದಲ್ಲೇ ಇತ್ತು, ಎರಡು ವರ್ಷದಲ್ಲಿ ಮೂರು ಸೀಮೆ ಕಂಡಿತು.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಠಸ್ಸೆಯಲ್ಲಿ ಶಯ್ಯಾನ್, ಡಿ.ಟಿ., ಡಿಸೆಂಬರ್ ಅಂತಿದೆ ಅಂದುಕೊಳ್ಳಿ. ಮೇಲೊಂದು 3 ಸೆಂಟಿನ ಚೀಟಿ ಇದೆ. ಶಯ್ಯಾನ್ ಹುಟ್ಟಿದ್ದು 1867ರ ಜುಲೈಯಲ್ಲಿ, ಯೂನಿಯನ್ ಪೆಸಿಫಿಕ್ ರೈಲು ದಾರಿಯ ಜೊತೆಗೆ. ಅದಕ್ಕಿಂತ ಹಿಂದಿನ ಡಿಸೆಂಬರ್ ಆಗಲಾರದು. ಊರನ್ನು ಡಕೋಟಾದಿಂದ ತೆಗೆದು ಹೊಸ ವಯೋಮಿಂಗ್ ಟೆರಿಟರಿಗೆ ಸೇರಿಸಿದ ಕಾನೂನಿಗೆ ಸಹಿ ಬಿದ್ದದ್ದು 1868ರ ಜುಲೈ 25ಕ್ಕೆ. ಹಾಗಾದರೆ ಉತ್ತರ 1867ರ ಡಿಸೆಂಬರ್ ಅಂತ ಹೇಳಿಬಿಡೋಣ ಅನ್ನಿಸುತ್ತದೆ, ಅಲ್ವಾ? ಆದರೆ ಹೊಸ ಟೆರಿಟರಿಯ ಅಧಿಕಾರಿಗಳು ಬಂದು ಕೆಲಸ ಶುರುಮಾಡಿದ್ದು 1869ರಲ್ಲಿ. ಸಹಿ ಬಿದ್ದ ಮಾತ್ರಕ್ಕೆ ಅಂಚೆ ಕಚೇರಿಯ ಠಸ್ಸೆ ಬದಲಾಗುವುದಿಲ್ಲ. ಹಾಗಾಗಿ 1868ರ ಡಿಸೆಂಬರ್ ಕೂಡ ಪಟ್ಟಿಯಲ್ಲಿ ಉಳಿಯುತ್ತದೆ.

ಈಗ ಚೀಟಿಯನ್ನು ಓರೆಯಾಗಿ ಬೆಳಕಿಗೆ ಹಿಡಿಯಬೇಕು. ಆ ವರ್ಷಗಳಲ್ಲಿ ಅಮೆರಿಕದ ಚೀಟಿಗಳ ಮೇಲೆ ಸಣ್ಣ ಸಣ್ಣ ಮೊನೆಗಳ ಒಂದು ಚೌಕವನ್ನು ಒತ್ತುತ್ತಿದ್ದರು. ಇದಕ್ಕೆ ಗ್ರಿಲ್ ಅಂತ ಹೆಸರು. ಮೊನೆ ಒತ್ತಿದಲ್ಲಿ ಕಾಗದದ ನಾರು ಒಡೆಯುತ್ತದೆ, ಠಸ್ಸೆಯ ಮಸಿ ಆಳಕ್ಕೆ ಇಳಿಯುತ್ತದೆ. ಚೀಟಿ ತೊಳೆದು ಮತ್ತೆ ಬಳಸುವವರನ್ನು ತಡೆಯಲು ಮಾಡಿದ ಉಪಾಯ ಇದು. 3 ಸೆಂಟಿನ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವ ಗ್ರಿಲ್ ಬಂದದ್ದು 1868ರಲ್ಲಿ. ಅದು ಕಂಡರೆ ಕವರು 1868ರದ್ದು. ಕಾಣದಿದ್ದರೆ ತಕ್ಕಡಿ 1867ರ ಕಡೆ ವಾಲುತ್ತದೆ, ತೀರ್ಮಾನ ಮಾತ್ರ ಆಗುವುದಿಲ್ಲ. ಗ್ರಿಲ್ ಇಲ್ಲದ ಹಳೆಯ ಚೀಟಿಯನ್ನು ಯಾರಾದರೂ ಒಂದು ವರ್ಷ ಇಟ್ಟುಕೊಂಡು ಹಚ್ಚಿರಬಹುದು. ಆಗ ಕವರಿನ ಅಂಚಿನಲ್ಲಿ ನೋಡಬೇಕು. ಪತ್ರ ಪಡೆದವರು ಬಂದ ದಿನಾಂಕವನ್ನು ಅಲ್ಲಿ ಗೀಚಿಡುವ ರೂಢಿ ಇತ್ತು. ವ್ಯಾಪಾರಿಗಳಂತೂ ತಪ್ಪದೆ ಬರೆಯುತ್ತಿದ್ದರು.

ಇಲ್ಲಿಯವರೆಗಿನದು ಕವರು ನಿಜವಾದದ್ದು ಎಂಬ ನಂಬಿಕೆಯ ಮೇಲಿನ ಲೆಕ್ಕ. ಹಣ ಇದ್ದಲ್ಲಿ ಮೋಸವೂ ಬರುತ್ತದೆ. ಅಗ್ಗದ ಅಸಲಿ ಕವರಿನ ಮೇಲೆ ಅಪರೂಪದ ಊರಿನ ನಕಲಿ ಠಸ್ಸೆ ಒತ್ತುವುದು ಹಳೆಯ ತಂತ್ರ. ಇದನ್ನು ಹಿಡಿಯುವುದು ರಸಾಯನ ವಿಜ್ಞಾನ.

ಆಗ ಪೆನ್ನಿನ ಮಸಿ ಹೆಚ್ಚಾಗಿ ಮಾಚಿಕಾಯಿಯದ್ದು. ಮಾಚಿಕಾಯಿಯ ಒಗರಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಮತ್ತು ಗೋಂದು ಸೇರಿಸಿ ಮಾಡುತ್ತಿದ್ದರು. ಬರೆಯುವಾಗ ಬಣ್ಣ ತೆಳು. ಗಾಳಿಯ ಆಮ್ಲಜನಕ ತಗುಲಿದ ಮೇಲೆ ಕಪ್ಪಾಗುತ್ತದೆ. ವರ್ಷಗಳು ಕಳೆದ ಹಾಗೆ ಕಂದಾಗುತ್ತದೆ. ಅದರ ಆಮ್ಲ ಮತ್ತು ಕಬ್ಬಿಣ ನಿಧಾನವಾಗಿ ಕಾಗದವನ್ನೂ ತಿನ್ನುತ್ತವೆ. ಠಸ್ಸೆಯ ಕಪ್ಪು ಬೇರೆಯೇ ಜಾತಿ. ಅದು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿದ್ದು. ಇಂಗಾಲ ಮಾಸುವುದಿಲ್ಲ, ಎಣ್ಣೆ ಮಾತ್ರ ಕಾಗದದಲ್ಲಿ ಹರಡಿ ಹಳದಿಯಾಗುತ್ತದೆ. ಕೆಂಪು ಠಸ್ಸೆಯಲ್ಲಿ ಇಂಗಳೀಕ ಇದ್ದರೆ ಪಾದರಸ ಸಿಗುತ್ತದೆ. ಪ್ರಶ್ಯನ್ ನೀಲಿಯಲ್ಲಿ ಕಬ್ಬಿಣ ಸಿಗುತ್ತದೆ. ಎಕ್ಸ್‌ರೇ ಫ್ಲೋರೊಸೆನ್ಸ್ ಎಂಬ ವಿಧಾನದಲ್ಲಿ ಕವರಿನಿಂದ ಒಂದು ಚೂರೂ ಕೀಳದೆ ಈ ಧಾತುಗಳನ್ನು ಗುರುತಿಸಬಹುದು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ರಾಷ್ಟ್ರೀಯ ಅಂಚೆ ಮ್ಯೂಸಿಯಂನಲ್ಲಿ ಇಂಥ ಕೆಲಸ ನಡೆದಿದೆ. ಕೃತಕ ಬಣ್ಣಗಳ ಕಾಲ ಶುರುವಾದದ್ದು 1856ರಲ್ಲಿ ವಿಲಿಯಂ ಪರ್ಕಿನ್ ನೇರಳೆ ಬಣ್ಣ ಕಂಡುಹಿಡಿದ ಮೇಲೆ. 1850ರ ಕವರಿನ ಠಸ್ಸೆಯಲ್ಲಿ ಅಂಥ ಬಣ್ಣ ಸಿಕ್ಕರೆ ಅದನ್ನು ಒತ್ತಿದ್ದು ಆಮೇಲೆ. ಕಾಗದಕ್ಕೂ ಸುಲಭ ಪರೀಕ್ಷೆ ಇದೆ. ಬಿಳುಪು ಹೆಚ್ಚಿಸುವ ರಾಸಾಯನಿಕಗಳು ಕಾಗದಕ್ಕೆ ಸೇರಿದ್ದು 20ನೇ ಶತಮಾನದ ನಡುಭಾಗದಲ್ಲಿ. ನೇರಳಾತೀತ ದೀಪದ ಕೆಳಗೆ ಹಾಳೆ ನೀಲಿಯಾಗಿ ಹೊಳೆದರೆ, ಚಿನ್ನ ಅಗೆದವರು ಅದನ್ನು ಮುಟ್ಟಿಲ್ಲ ಅಂತ ಅರ್ಥ.

ಕುದುರೆ ಸವಾರರು ಅಂಚೆ ಒಯ್ಯುತ್ತಿದ್ದ ಪೋನಿ ಎಕ್ಸ್‌ಪ್ರೆಸ್ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಅದು ನಡೆದದ್ದು 1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ ಮಾತ್ರ. ಮಿಸ್ಸೂರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 10 ದಿನದ ಓಟ. ಅರ್ಧ ಔನ್ಸಿಗೆ ಮೊದಲು 5 ಡಾಲರ್, ಕೊನೆಗೆ 1 ಡಾಲರ್. 1861ರ ಅಕ್ಟೋಬರ್ 24ಕ್ಕೆ ಟೆಲಿಗ್ರಾಫ್ ತಂತಿ ಎರಡೂ ಕಡೆಯಿಂದ ಬಂದು ಕೂಡಿತು, ಕುದುರೆಯ ಕೆಲಸ ಮುಗಿಯಿತು. ಅದರ ಕವರುಗಳಿಗೆ ಬೆಲೆ ವಿಪರೀತ. ನನಗೇನೋ ಸಣ್ಣ ಗಣಿ ಊರುಗಳ ಸಾದಾ ಕವರುಗಳಲ್ಲೇ ಓದಲು ಜಾಸ್ತಿ ಸಿಗುತ್ತದೆ ಅನ್ನಿಸುತ್ತದೆ.

ಆ ಸಾದಾ ಕವರುಗಳು ಹೇಳುವುದೆಲ್ಲ ಹಿತವಾದದ್ದಲ್ಲ. 1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಮೂಲನಿವಾಸಿಗಳಾದ ಸೂ ಜನರದ್ದು ಅಂತ ಅಮೆರಿಕ ಸರ್ಕಾರವೇ ಒಪ್ಪಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1876ರಲ್ಲಿ ಆ ನೆಲದ ಮೇಲೆ ಡೆಡ್‌ವುಡ್ ಎಂಬ ಊರು ಎದ್ದಿತು. 1877ರಲ್ಲಿ ಸರ್ಕಾರ ಆ ಬೆಟ್ಟಗಳನ್ನು ಕಿತ್ತುಕೊಂಡಿತು. ಇದಕ್ಕೆ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1980ರಲ್ಲಿ. ಸೂ ಜನ ಆ ಹಣ ಮುಟ್ಟಿಲ್ಲ, ಅವರು ಕೇಳುತ್ತಿರುವುದು ನೆಲ. ಡೆಡ್‌ವುಡ್, ಡಿ.ಟಿ. ಅನ್ನುವ ಠಸ್ಸೆಯನ್ನು ಸಂಗ್ರಹದಲ್ಲಿ ಇಡುವವರು ಪಕ್ಕದಲ್ಲಿ ಇದನ್ನೂ ಬರೆದಿಡಬೇಕು. ಗಡಿಸೀಮೆ ಅನ್ನುವುದು ಒಂದು ಕಡೆಯವರ ಲೆಕ್ಕ. ಇನ್ನೊಂದು ಕಡೆಯವರಿಗೆ ಅದು ಮನೆಯಾಗಿತ್ತು.

ಅಮೆರಿಕದಲ್ಲಿ ಇದ್ದ, ಇರುವ ಅಂಚೆ ಕಚೇರಿಗಳ ಒಂದು ದತ್ತಾಂಶ ಈಗ ಎಲ್ಲರಿಗೂ ತೆರೆದಿದೆ. ಅದರಲ್ಲಿ 1,66,000ಕ್ಕೂ ಹೆಚ್ಚು ಕಚೇರಿಗಳಿವೆ. ಅಂಚೆ ಇತಿಹಾಸದ ಸಂಗ್ರಾಹಕ ರಿಚರ್ಡ್ ಹೆಲ್ಬಾಕ್ ವರ್ಷಗಟ್ಟಲೆ ಕೂಡಿಹಾಕಿದ ಪಟ್ಟಿಯನ್ನು ಇತಿಹಾಸಕಾರ ಕ್ಯಾಮರಾನ್ ಬ್ಲೆವಿನ್ಸ್ ಭೂಪಟಕ್ಕೆ ಇಳಿಸಿದ್ದಾರೆ. ಕಚೇರಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದನ್ನು ನೋಡಿದರೆ ಜನ ಎಲ್ಲಿ ನುಗ್ಗಿದರು, ಎಲ್ಲಿಂದ ಕಾಲ್ತೆಗೆದರು ಅನ್ನುವುದು ಕಾಣುತ್ತದೆ. ಕ್ಯಾಲಿಫೋರ್ನಿಯಾದ ಬೋಡಿ ಎಂಬ ಗಣಿ ಊರಿನ ಅಂಚೆ ಕಚೇರಿ 1877ರಲ್ಲಿ ತೆರೆದು 1942ರಲ್ಲಿ ಮುಚ್ಚಿತು. ಈಗ ಅದೊಂದು ಪಾಳು ಊರು.

ಹಿಂದಿನ ಸಂಗ್ರಾಹಕರು ಕವರನ್ನು ನೀರಿಗೆ ಹಾಕಿ ಚೀಟಿ ಬಿಡಿಸಿಕೊಳ್ಳುತ್ತಿದ್ದರು, ಉಳಿದದ್ದನ್ನು ಎಸೆಯುತ್ತಿದ್ದರು. ಊರು, ದರ, ದಾರಿ, ಬಂದ ದಿನಾಂಕ ಎಲ್ಲವೂ ಅದರೊಂದಿಗೆ ಹೋಯಿತು. ಹಳೆಯ ಕವರು ಸಿಕ್ಕರೆ ದಯವಿಟ್ಟು ಹಾಗೆ ಮಾಡಬೇಡಿ. ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ, ಅದರಿಂದ ಒಸರುವ ರಾಸಾಯನಿಕ ಮಸಿಯನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಹಾಳೆ ಒಳ್ಳೆಯದು. ಶುರುಮಾಡುವವರು ಒಂದೇ ಟೆರಿಟರಿಯನ್ನು ಹಿಡಿದುಕೊಳ್ಳಿ, 1870–80ರ ದಶಕದ್ದಾದರೆ ಬೆಲೆಯೂ ಕೈಗೆಟಕುತ್ತದೆ. ಯಾವ ಊರಿಗೆ ಯಾರು, ಯಾವತ್ತಿನಿಂದ ಪೋಸ್ಟ್‌ಮಾಸ್ಟರ್ ಆಗಿದ್ದರು ಎಂಬ 1832ರಿಂದ 1971ರವರೆಗಿನ ದಾಖಲೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಮೊದಲ ಕವರಿನ ಇಸವಿ ಹುಡುಕಲು ಕೂರಬಹುದು.