ಕಡಲತೀರದ ಮನೆಯ ಸೆಖೆ ಎಲ್ಲಿಂದ ಬರುತ್ತದೆ?

ದಪ್ಪ ಗೋಡೆ ಕಟ್ಟಿಸಿದರೆ ಮನೆ ತಂಪಾಗಿರುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಮರುಭೂಮಿಯಲ್ಲಿ ಅದು ನಿಜ. ಅಲ್ಲಿ ರಾತ್ರಿಯಾದರೆ 15–20 ಡಿಗ್ರಿ ಇಳಿಯುತ್ತದೆ, ಹಗಲೆಲ್ಲ ಹೀರಿದ ಶಾಖವನ್ನು ಗೋಡೆ ಆ ತಂಪಿಗೆ ಬಿಟ್ಟುಬಿಡುತ್ತದೆ. ಬಿಸಿ ಕಡಲತೀರದಲ್ಲಿ ಈ ಲೆಕ್ಕ ಕೆಡುತ್ತದೆ. ಗಾಳಿಯಲ್ಲಿನ ನೀರಾವಿ ನೆಲದ ಶಾಖವನ್ನು ಆಕಾಶಕ್ಕೆ ಸುಲಭವಾಗಿ ಹೋಗಲು ಬಿಡುವುದಿಲ್ಲ, ಪಕ್ಕದ ಸಮುದ್ರವೂ ಬೇಗ ತಣಿಯುವುದಿಲ್ಲ, ಹಾಗಾಗಿ ಎಷ್ಟೋ ರಾತ್ರಿ ಇಳಿಯುವುದು 5–6 ಡಿಗ್ರಿ ಮಾತ್ರ. ಬಿಸಿಲಿಗೆ ಕಾದ ದಪ್ಪ ಗೋಡೆ ಆಗ ನಿಮ್ಮ ನಿದ್ದೆಗೇ ಸಂಚಕಾರ.

ಆದರೂ ದೊಡ್ಡ ತಾಪತ್ರಯ ಇರುವುದು ತಲೆ ಮೇಲೆ. ಉಷ್ಣವಲಯದಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿ ಮೇಲೆಯೇ ಇರುವುದರಿಂದ ಎಲ್ಲಕ್ಕಿಂತ ಜಾಸ್ತಿ ಬಿಸಿಲು ಬೀಳುವುದು ಚಾವಣಿಗೆ. ಅದರ ಒಳಮೈ 40 ಡಿಗ್ರಿಗೆ ಏರಿತು ಅನ್ನಿ. ನಮ್ಮ ಚರ್ಮ ಸುಮಾರು 34. ಆ ಚಾವಣಿ ನಡುವಿನ ಗಾಳಿಯನ್ನು ಲೆಕ್ಕಿಸದೆ, ವಿಕಿರಣದ ಮೂಲಕ ನೇರ ಮೈಯನ್ನೇ ಕಾಯಿಸುತ್ತದೆ. ಥರ್ಮಾಮೀಟರ್ 30 ತೋರಿಸುತ್ತಿದ್ದರೂ ಕೋಣೆಯಲ್ಲಿ ಕೂರಲು ಆಗಲ್ಲ, ಅಲ್ವಾ? ಕಾರಣ ಇದು. ಬಿಸಿಲು ತಡೆಯುವ ಒಳ್ಳೆಯ ಬಿಳಿ ಬಣ್ಣ ಹೊಸದರಲ್ಲಿ 70–80% ಬಿಸಿಲನ್ನು ವಾಪಸ್ ಕಳಿಸುತ್ತದೆ, ಹಳೇ ಕಾಂಕ್ರೀಟು ಅದರ ಅರ್ಧವನ್ನೂ ಕಳಿಸುವುದಿಲ್ಲ. ಪಾಚಿ ಕಟ್ಟಿದರೆ ಬಣ್ಣ ಇದ್ದೂ ಇಲ್ಲದಂತೆ, ಆಗಾಗ ತೊಳೆಯಬೇಕು. ಇಳಿಜಾರು ಮಾಡಾದರೆ ಅದರಡಿ ಅಲ್ಯೂಮಿನಿಯಂ ಹಾಳೆ ಕಟ್ಟಿಸಿ, ಹೊಳೆಯುವ ಮೈ ಕೆಳಗಿರಲಿ, ಹಾಳೆಯ ಕೆಳಗೆ ಖಾಲಿ ಜಾಗ ಇರಲಿ. ಇಷ್ಟು ತೆಳು ಹಾಳೆ ಏನು ಮಾಡೀತು ಅನಿಸಬಹುದು. ಹೊಳೆಯುವ ಲೋಹ ತಾನು ಬಿಸಿಯಾದರೂ ಶಾಖ ಸೂಸುವುದು ಮಾಮೂಲಿ ಮೇಲ್ಮೈ ಸೂಸುವುದರ ಸುಮಾರು 5% ಅಷ್ಟೇ. ಮೇಲ್ಮುಖವಾಗಿಟ್ಟರೆ ಧೂಳು ಕೂತು ಈ ಗುಣ ಹೋಗುತ್ತದೆ.

ಪೂರ್ವ, ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಬೇಡವೇ ಬೇಡ. ಅಲ್ಲಿ ಸೂರ್ಯ ತಗ್ಗಿನಲ್ಲಿರುವಾಗ ಸಜ್ಜಾ ಏನೂ ತಡೆಯಲ್ಲ.

ಇನ್ನು ಗಾಳಿ. ಒಂದು ಲೀಟರ್ ಬೆವರು ಆರಿದರೆ ಸುಮಾರು 2,400 ಕಿಲೋಜೌಲ್ ಶಾಖ ಮೈಯಿಂದ ಹೋಗುತ್ತದೆ, ಆರದೆ ಸುಮ್ನೆ ಸುರಿದರೆ ಹೆಚ್ಚೇನೂ ಪ್ರಯೋಜನವಿಲ್ಲ. ತೇವ ತುಂಬಿದ ಗಾಳಿಯಲ್ಲಿ ಆರಿಸುವುದು ಬೀಸು ಒಂದೇ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಸಿಕ್ಕರೆ ಸುಮಾರು 3 ಡಿಗ್ರಿ ಕಡಿಮೆಯಾದಂತೆ ಅನಿಸುತ್ತದೆ. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಗಾಳಿ ಸರಿಯಾಗಿ ಹಾಯುವುದಿಲ್ಲ, ಹೊರಹೋಗುವ ದಾರಿ ಎದುರಿಗಿರಬೇಕು, ಮತ್ತು ಬೀಸು ಹಾಯಬೇಕಾದದ್ದು ಕೂತವರ, ಮಲಗಿದವರ ಮೈ ಎತ್ತರದಲ್ಲಿ. ಫ್ಯಾನೂ ಹೀಗೆಯೇ, ತಣಿಸುವುದು ಮನುಷ್ಯನನ್ನು, ಕೋಣೆಯನ್ನಲ್ಲ. ಖಾಲಿ ಕೋಣೆಯಲ್ಲಿ ಅದು ದಂಡ.

ಇಷ್ಟಾದ ಮೇಲೂ ಎಸಿ ಬೇಕು ಅನಿಸಿದರೆ ಮಲಗುವ ಕೋಣೆಗೊಂದು ಹಾಕಿಸಿ, 26–27ಕ್ಕೆ ಇಟ್ಟು ಫ್ಯಾನ್ ಜೊತೆ ಓಡಿಸಿ. ಇರಲಿ ಅಂತ ದೊಡ್ಡದು ತರಬೇಡಿ. ಆನ್ ಆಫ್ ಆಗುವ ಮಾದರಿಯಾದರೆ ಅದು ಕೋಣೆಯನ್ನು ಬೇಗ ತಣಿಸಿ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೇ ಉಳಿಯುತ್ತದೆ.